ಎಂಟನೆಯ ಪ್ಯಾದೆ

ಸಿಂದಗಿಯ ನಾಜಿಮಾ ಅಂಜುಬುರುಕಿ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಚೆಸ್ ಹಾಸಿನ ಮೇಲೆ ಆಕೆ ಪ್ಯಾದೆಗಳನ್ನು ಒಂದೊಂದೇ ಮನೆ ಸರಿಸುವುದನ್ನು ನೋಡಿದ ಯಾರಿಗಾದರೂ ಹಾಗೇ ಅನಿಸಬೇಕು. ಅದು ಅಂಜಿಕೆಯಲ್ಲ, ಹಟ ಎಂದು ತಿಳಿದದ್ದು ಆಮೇಲೆ.

ಮೋರಟಗಿಯಲ್ಲಿದ್ದ ಆಕೆಯ ಅಜ್ಜ ಬಾಬುಲಾಲ, ತನ್ನ ಹೊಲಿಗೆ ಅಂಗಡಿಯ ಹಲಗೆಯ ಮೇಲೆ ಚಾಕುವಿನಿಂದ ಮನೆ ಕೊರೆದು ಕಲಿಸಿದ ಆಟ ಅದು. ಆತನ ಕಾಯ್ದೆಯಲ್ಲಿ ಪ್ಯಾದೆಗೆ ಮೊದಲ ಸಲವೂ ಒಂದೇ ಮನೆ. ಅಜ್ಜ ತೀರಿಕೊಂಡ ಮೇಲೆ ಹಲಗೆ, ಮಷೀನು, ಆಟ ಮೂರೂ ನಾಜಿಮಾಳ ಪಾಲಿಗೆ ಬಂದವು.

ಈ ವರ್ಷ ಇಂಡಿ ಪಟ್ಟಣದಲ್ಲಿ ನಡೆಯುವ ಚೆಸ್ ಪಂದ್ಯಕ್ಕೆ ಮುದ್ದೇಬಿಹಾಳ, ಬಾಗೇವಾಡಿಯವರು ಆಗಲೇ ತಯಾರಾಗಿದ್ದರು. ಸಿಂದಗಿ ತಂಡದಲ್ಲಿ ಮಾತ್ರ ಒಂದು ಜಾಗ ಖಾಲಿ, ಅದನ್ನು ನಾಜಿಮಾ ಕೇಳಿದಳು. ಆರಿಸುವವರು ನಿವೃತ್ತ ಹೆಡ್‌ಮಾಸ್ತರ ಪಂಢರಿನಾಥರು. ಚೆಸ್ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸಿ, ಆಟದ ಒಂದೊಂದು ಆರಂಭವನ್ನೂ ಬೀಗರನ್ನು ಪರಿಚಯಿಸಿದಂತೆ ಹೆಸರು ಹಿಡಿದು ಹೇಳುವವರು.

“ನಿನ್ನ ಆಟ ಈ ಪುಸ್ತಕದಾಗ ಇಲ್ಲ ತಂಗಿ. ಅದನ್ನ ಬಿಟ್ರ ತಗೋತೇನಿ.”

“ಬಿಡೂದಿಲ್ರಿ ಸರ. ನಿಮ್ಮ ಕೂಡ ಆಡ್ತೇನಿ. ಗೆದ್ರ ತಗೋರಿ, ಸೋತ್ರ ನನಗ ಹೊಲಿಗಿ ಐತಿ.”

ವಾಚನಾಲಯದಲ್ಲಿ ಹತ್ತಾರು ಜನರ ನಡುವೆ ಕುಳಿತರು. ನಾಜಿಮಾಳದು ಬಿಳಿ ಕಾಯಿ. ರಾಜನ ಮುಂದಿನ ಪ್ಯಾದೆ ಒಂದು ಮನೆ. ವಜೀರನ ಮುಂದಿನದೂ ಒಂದು ಮನೆ.

“ಮೊದಲ ಸಲ ಎರಡ ಮನಿ ಹೋಗಾಕ ಬರ್ತದವಾ,” ಪಂಢರಿನಾಥರಿಗೆ ಕರುಣೆ ಉಕ್ಕಿತು.

“ಹೂಂರಿ,” ಎಂದು ಆಕೆ ಮೂರನೆಯದನ್ನೂ ಒಂದೇ ಮನೆ ಸರಿಸಿದಳು.

“ತಲಿಗೆ ಹತ್ತೂದಿಲ್ಲ ಬಿಡ್ರಿ,” ಅವರು ಜನರ ಕಡೆ ತಿರುಗಿ ಕೈ ಆಡಿಸಿದರು.

ಎರಡು ತಾಸಿನಲ್ಲಿ ಹಾಸು ಬರಿದಾಯಿತು. ಅವರಿಗೆ ರಾಜನೊಬ್ಬ, ಆಕೆಗೆ ರಾಜ, ಎರಡು ಪ್ಯಾದೆ. ಅಂಚಿನ ಪ್ಯಾದೆ ಇನ್ನೂ ಹುಟ್ಟಿದ ಮನೆ ಬಿಟ್ಟಿರಲಿಲ್ಲ. ಅದು ಕೊನೆಯ ಸಾಲು ಮುಟ್ಟಿ ವಜೀರನಾಗಲು ಆರು ನಡೆ ಬೇಕು, ಅಷ್ಟರಲ್ಲಿ ಅಡ್ಡ ಹೋಗಬಹುದು ಎಂದು ಪಂಢರಿನಾಥರು ಬೆರಳೆಣಿಸಿ, ಇನ್ನೊಂದು ಪ್ಯಾದೆಯನ್ನು ಸಾವಕಾಶವಾಗಿ ತಿಂದರು.

ಅಜ್ಜನ ಹೆಸರಿನಲ್ಲಿ ಏಳು ಪ್ಯಾದೆ ಒಂದೊಂದೇ ಮನೆ ನಡೆದಿದ್ದವು. ಎಂಟನೆಯದನ್ನು ನಾಜಿಮಾ ತನ್ನ ಹೆಸರಿನಲ್ಲಿ ಎತ್ತಿ ಎರಡು ಮನೆ ಆಚೆ ಇಟ್ಟಳು.

“ಏ, ಎರಡ ಮನಿ!”

“ಆಗಳೆ ನೀವ ಹೇಳಿದ್ರಲ್ರಿ.”

ಪಂಢರಿನಾಥರು ಮತ್ತೆ ಬೆರಳೆಣಿಸಿದರು. ಆರಲ್ಲ, ಒಟ್ಟು ಐದೇ ನಡೆ. ಅವರ ರಾಜ ಏದುಸಿರು ಬಿಟ್ಟು ಓಡಿದರೂ ಒಂದು ಮನೆ ಹಿಂದೆಯೇ ಉಳಿದ, ಪ್ಯಾದೆ ವಜೀರನಾಯಿತು.

ತಂಡದ ಯಾದಿಯಲ್ಲಿ ಆಕೆಯ ಹೆಸರನ್ನು ಅವರೇ ದುಂಡಗೆ ಬರೆದರು. ಪೆನ್ನು ಮುಚ್ಚುತ್ತ, ತಡೆಯಲಾರದೆ ಕೇಳಿದರು: “ಗೊತ್ತಿದ್ರ ಎಲ್ಲಾ ಪ್ಯಾದಿ ಮೊದಲ ಎರಡ ಮನಿ ಯಾಕ ನಡಸಲಿಲ್ಲ?”

“ಪ್ಯಾದಿ ನನ್ನವು ಅದಾವ್ರಿ, ನಿಮ್ಮವಲ್ಲ.”