ಕಪ್ಪು ಗುಳ್ಳೆಯೊಳಗಿನ ಜೇಡರ ಬಲೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಆ ಕೋಣೆಗೆ ಕಿಟಕಿಯಿಲ್ಲ. ಸ್ಕ್ಯಾನಿಂಗ್ ಯಂತ್ರದ ಬೂದು ಬೆಳಕಿನಲ್ಲಿ ಒಂದು ಮುಖ ಮಾತ್ರ ತೇಲುತ್ತಿದೆ. ಕತ್ತಿನಿಂದ ಕೆಳಗೆಲ್ಲ ಕತ್ತಲೆ. ಎಲ್ಲರೂ ಅವರನ್ನು ಕರೆಯುವುದು ಸ್ಕ್ಯಾನ್ ಅಕ್ಕ ಎಂದೇ.

ಮಂಚದ ಮೇಲಿರುವ ಹೆಂಗಸಿನ ಹೊಟ್ಟೆಗೆ ತಣ್ಣನೆಯ ಜೆಲ್ ಸವರುತ್ತಾರೆ. ಪರದೆಯ ಮೇಲೆ ದುಂಡನೆಯ ಕಪ್ಪು ಗುಳ್ಳೆಯೊಂದು ಕಣ್ಣು ಬಿಟ್ಟಂತೆ ಮೂಡುತ್ತದೆ. "ಹೆದರ್ಬೇಡಮ್ಮ. ಅಂಡಾಶಯದಲ್ಲಿ ಇಂಥವು ತಿಂಗಳು ತಿಂಗಳು ಬರ್ತವೆ, ಹೋಗ್ತವೆ. ಡಾಕ್ಟ್ರೂ ನೋಡಿ ಹೇಳ್ತಾರೆ."

ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಮೂವತ್ತು, ನಲವತ್ತು ಮಂದಿ. ವರದಿಯ ಕೆಳಗೆ ವೈದ್ಯರ ಸಹಿ ಇರುತ್ತದೆ, ಇವರ ಹೆಸರಿರುವುದಿಲ್ಲ. ಸ್ಕ್ಯಾನಿನ ಹಿಡಿ ಒತ್ತಿ ಒತ್ತಿ ಭುಜ ಸವೆದಿದೆ. "ಮಗಳು ನನ್ನನ್ನ ಗೂಬೆ ಅಂತಾಳೆ. ಹಗಲು ಹೊತ್ತು ಕಣ್ಣು ಕಾಣಲ್ಲ ನೋಡಿ!"

ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಅವರ ಸ್ವಂತ ಅಕ್ಕನಿಗೆ ಹತ್ತೊಂಬತ್ತನೇ ವಯಸ್ಸಿನಲ್ಲೇ ಗಡ್ಡೆಯೆಂದು ಒಂದು ಅಂಡಾಶಯ ತೆಗೆದಿದ್ದರು. ತನ್ನೊಳಗೆ ಏನೋ ಕೆಟ್ಟದ್ದು ಹುಟ್ಟಿತ್ತು, ಮತ್ತೆ ಹುಟ್ಟೀತು ಎಂಬ ಭಯದಲ್ಲಿ ಆಕೆ ಮದುವೆಯನ್ನೇ ಆಗಲಿಲ್ಲ. ಈ ಕೆಲಸ ಕಲಿತ ಮೇಲೆ ಒಂದು ದಿನ ಸ್ಕ್ಯಾನ್ ಅಕ್ಕ ತಮ್ಮ ಅಕ್ಕನ ಹಳೇ ಸ್ಕ್ಯಾನ್ ಫಿಲ್ಮನ್ನು ದೀಪಕ್ಕೆ ಹಿಡಿದರು.

"ತೆಳ್ಳನೆ ಗೋಡೆ, ಒಳಗೆ ಬರೀ ನೀರು. ಎರಡು ತಿಂಗಳು ಕಾದಿದ್ರೆ ತಾನೇ ಕರಗ್ತಿತ್ತು."

ಅಕ್ಕನಿಗೆ ಹೇಳಿದಿರಾ ಎಂದು ಕೇಳುತ್ತೇನೆ.

"ಹೇಳಿದೆ. ನಾಲ್ಕು ದಿನ ಆದ್ಮೇಲೆ, 'ಬೇರೆಯವ್ರದ್ದಾದ್ರೂ ನೆಟ್ಟಗೆ ನೋಡೇ' ಅಂದ್ಲು."

ಕಳೆದ ವರ್ಷ ಹೊಲಿಗೆ ಕೆಲಸದ ಹುಡುಗಿಯೊಬ್ಬಳು ಬೇರೆ ಕಡೆ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ಬಂದಳು. ಗುಳ್ಳೆಯ ತುಂಬ ಜೇಡರ ಬಲೆಯಂಥ ಎಳೆಗಳು. "ಬಲೆ ಅಲ್ಲಾಡಿದ ಹಾಗೇ ಕಾಣ್ತಿತ್ತು. ಆದ್ರೆ ಅದರೊಳಗೆ ರಕ್ತದ ಓಡಾಟ ಇರ್ಲಿಲ್ಲ, ಕೆಟ್ಟ ಗಡ್ಡೆಯಾದ್ರೆ ಸಾಮಾನ್ಯವಾಗಿ ಇರುತ್ತೆ. ಹೆಪ್ಪುಗಟ್ಟಿದ ಹಳೇ ರಕ್ತ ಅಷ್ಟೇ ಅನ್ನಿಸ್ತು. ಓಡಿಹೋಗಿ ಡಾಕ್ಟ್ರನ್ನ ಕರ್ಕೊಂಡು ಬಂದೆ."

ವೈದ್ಯರು ನೋಡಿ, ಕಾಯೋಣ ಎಂದರು. ಎಂಟು ವಾರಗಳ ನಂತರ ಅದೇ ಮಂಚ, ಅದೇ ಹುಡುಗಿ. ಗುಳ್ಳೆ ಇದ್ದ ಗುರುತೂ ಇರಲಿಲ್ಲ. "ಎಲ್ಲಿಗೆ ಹೋಯ್ತಕ್ಕ?" ಎಂದು ಪಿಸುಗುಟ್ಟಿ ಆಕೆ ಬಾಗಿಲ ಕಡೆ ತಿರುಗಿ ನೋಡಿದಳಂತೆ, ಅದು ಎದ್ದುಹೋಗುತ್ತಿದೆಯೇನೋ ಎನ್ನುವಂತೆ.

ಎಲ್ಲವೂ ಹಾಗೆ ಹೋಗುವುದಿಲ್ಲ. "ಹಗ್ಗಾನ ಹಾವು ಅಂದ್ರೂ ತಪ್ಪು, ಹಾವನ್ನ ಹಗ್ಗ ಅಂದ್ರಂತೂ ಜೀವಕ್ಕೇ ಸಂಚಕಾರ. ಅನುಮಾನ ಬಂದ್ರೆ ಹತ್ತು ಸಲ ನೋಡ್ತೀನಿ, ಬೈಸ್ಕೊಂಡಾದ್ರೂ ಡಾಕ್ಟ್ರನ್ನ ಕರೀತೀನಿ."

ಹೊರಗೆ ಸ್ಕ್ಯಾನಿಗಾಗಿ ಹೊಟ್ಟೆ ತುಂಬ ನೀರು ಕುಡಿದವರ ಸಾಲು ಚಡಪಡಿಸುತ್ತಿದೆ. ಸ್ಕ್ಯಾನ್ ಅಕ್ಕ ಕೈ ಒರೆಸಿಕೊಳ್ಳುತ್ತಾರೆ. "ಹೆಸರು ಬರೀಬೇಡಿ. ಈ ಕೋಣೆಯಿಂದ ಯಾವ ಹೆಣ್ಮಗಳೂ ತನ್ನ ಮೈಗೆ ತಾನೇ ಹೆದರ್ಕೊಂಡು ಹೋಗ್ಬಾರ್ದು. ನಂಗೆ ಅಷ್ಟೇ ಸಾಕು."