ಟವೆಲ್ ಹಾಕಿದ ಬದನೆಕಾಯಿ

ನಾನು ಒಂದು ವಂಶವನ್ನೇ ನಿರ್ವಂಶ ಮಾಡಿದವನು. ಅಷ್ಟಕ್ಕೇ ಬಿಡಲಿಲ್ಲ. ಅದರ ಹೊಟ್ಟೆ ಸೀಳಿ, ಕರುಳು ಬಗೆದು, ಒಳಗೆ ಹುರಿದ ಕಡಲೇಕಾಯಿ ಬೀಜದ ಪುಡಿ ತುಂಬಿ, ಕರಿಬೇವಿನ ಒಗ್ಗರಣೆ ಕೊಟ್ಟು, ಚಪಾತಿ ಜೊತೆ ತಿಂದೆ. ತಿಂದಮೇಲೆ ‘ಥೂ, ಕಹಿ’ ಎಂದು ಬೈದದ್ದೂ ಉಂಟು. ಯುದ್ಧದಲ್ಲಿ ಸೋತವರಿಗೂ ಇಷ್ಟು ಅವಮಾನ ಆಗಿರಲಾರದು.

ಸತ್ತದ್ದು ಒಂದು ಬದನೆಕಾಯಿ. ಅದು ಪುಟ್ಟತಾಯಮ್ಮ ಆಂಟಿಯದು.

ಸುಂಕದಕಟ್ಟೆಯಲ್ಲಿರುವ ಆಂಟಿಯ ಮನೆಯ ತಾರಸಿ ಮೇಲೆ ಶೀಟು ಹೊದಿಸಿದ ಒಂದು ರೂಮಿದೆ. ಅದರಲ್ಲಿ ಬಾಡಿಗೆಗಿರುವವನು ನಾನು. ಮಾಗಡಿ ರಸ್ತೆಯ ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲವನ್ನೂ ಡಿಸೈನ್ ಮಾಡುವುದು ನನ್ನ ಕೆಲಸ. ಅದಕ್ಕೇ ಆಂಟಿ ನನ್ನ ಹೆಸರನ್ನು ಒಂದು ದಿನವೂ ಬಳಸಲಿಲ್ಲ. ನಾನು ಅವರ ಪಾಲಿಗೆ ‘ಫ್ಲೆಕ್ಸು’.

ಆಂಟಿ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಅವರಿಗೆ ಎರಡು ಗಂಟಲುಗಳಿದ್ದವು. ಒಂದು ಮನೆಯದು, ಹಾಲು ಕಾಯಿಸುವಾಗ ತಮ್ಮಷ್ಟಕ್ಕೆ ದೇವರ ನಾಮ ಗುನುಗುವಂಥದು. ಇನ್ನೊಂದು ಬಸ್ಸಿನದು. ಅದು ಹೊರಟರೆ ಪಕ್ಕದ ಬೀದಿಯ ನಾಯಿಯೂ ಒಳಗೆ ಸರಿದು ಜಾಗ ಬಿಡುತ್ತಿತ್ತು. ಬೆಳಿಗ್ಗೆ ಮಂಡಿ ನೋವಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಕೊರಳಲ್ಲಿದ್ದ ಹಳೆಯ ಸೀಟಿಯನ್ನು ನನ್ನ ಬಾಗಿಲ ಮುಂದೆ ಊದುತ್ತಿದ್ದರು.

“ಲಾಸ್ಟ್ ಸ್ಟಾಪು! ಇಳೀರಿ ಇಳೀರಿ! ಇನ್ನೂ ಮಲಗಿದ್ರೆ ಗಾಡಿ ಶೆಡ್ಡಿಗೆ ಹೋಗುತ್ತೆ!”

ನಾನು ಎದ್ದು ಬಾಗಿಲು ತೆಗೆದರೆ ಎದುರಿಗೆ ತೋಟ. ಪೇಂಟಿನ ಬಕೆಟ್ಟು, ಥರ್ಮೋಕೋಲ್ ಡಬ್ಬ, ಕೆಟ್ಟುಹೋದ ವಾಷಿಂಗ್ ಮಷೀನಿನ ಹೊಟ್ಟೆ, ಎಲ್ಲದರಲ್ಲೂ ಏನಾದರೊಂದು ಬೆಳೆದಿರುತ್ತಿತ್ತು. ಆಂಟಿ ಆ ತೋಟವನ್ನು ಬಸ್ಸಿನ ಹಾಗೆಯೇ ನಡೆಸುತ್ತಿದ್ದರು. ಒತ್ತಾಗಿ ಹುಟ್ಟಿದ ದಂಟಿನ ಸಸಿಗಳನ್ನು ಕೀಳುವಾಗ “ಒಂದ್ ಸೀಟಿಗೆ ಒಬ್ರೇ ಕೂತ್ಕೋಬೇಕು” ಎನ್ನುವರು. ಕಳೆ ಕಂಡರೆ “ಟಿಕೆಟ್ ತೋರ್ಸು” ಎಂದು ಒಂದು ಕ್ಷಣ ಕಾಯ್ದು, ಆಮೇಲೆ ಕಿತ್ತುಹಾಕುವರು. ಬೀಜ ತೊಳೆಯುವಾಗ ನೀರಿನ ಮೇಲೆ ತೇಲಿದ ಜೊಳ್ಳನ್ನು ಚೆಲ್ಲಿ, ತಳದಲ್ಲಿ ಕೂತದ್ದನ್ನು ನೆರಳಲ್ಲಿ ಒಣಗಿಸಿ, ಬೂದಿ ಸವರಿ, ಟಿಕೆಟ್ ಇಡುತ್ತಿದ್ದ ತಗಡಿನ ಪೆಟ್ಟಿಗೆಯ ಒಂದೊಂದು ಖಾನೆಗೆ ಹಾಕುವರು. ಅಂಗಡಿಯ ಬಣ್ಣದ ಪ್ಯಾಕೆಟ್ಟಿನ ಹೈಬ್ರಿಡ್ ಬೀಜ ಮಾತ್ರ ಆ ಪೆಟ್ಟಿಗೆ ಸೇರುವಂತಿರಲಿಲ್ಲ.

“ಅದು ಒಂದೇ ಟ್ರಿಪ್ಪಿನ ಗಾಡಿ ಕಣೋ. ಈ ಸಲ ಚೆನ್ನಾಗಿ ಬಿಡುತ್ತೆ, ಇಲ್ಲ ಅನ್ನಲ್ಲ. ಅದರ ಬೀಜ ಹಾಕಿದ್ರೆ ಅದೇ ಬರುತ್ತೆ ಅಂತ ಗ್ಯಾರಂಟಿ ಇಲ್ಲ.”

ಆಂಟಿಯ ಮೆಚ್ಚುಗೆ ಗಳಿಸಲು ನಾನೂ ಒಮ್ಮೆ ಕೃಷಿಗೆ ಇಳಿದೆ. ಡಬ್ಬಿಯಲ್ಲಿದ್ದ ಕಡಲೆಯನ್ನು ಒಂದು ಬಕೆಟ್ಟಿಗೆ ಬಿತ್ತಿ ದಿನವೂ ನೀರು ಹಾಕಿದೆ. ಮಣ್ಣಿಗೆ ಕಿವಿ ಕೊಟ್ಟು ಕೂಡ ನೋಡಿದೆ. ಆಂಟಿ ಬಹಳ ದಿನ ನನ್ನ ಶ್ರದ್ಧೆಯನ್ನು ನೋಡುತ್ತಿದ್ದು, ಕೊನೆಗೆ ಕೇಳಿದರು.

“ಏನು ಬಿತ್ತಿದೀಯ ಫ್ಲೆಕ್ಸು?”

“ಕಡಲೆ ಆಂಟಿ.”

“ಹುರಿಗಡಲೆ ಕಣೋ ಅದು. ಅದು ಹೋಗಿ ತಿಥಿನೂ ಆಗಿದೆ. ಇನ್ನು ನೀರು ಬಿಡಬೇಡ.”

ಇಂಥ ಮೇಧಾವಿಯ ಬಾಗಿಲ ಪಕ್ಕದಲ್ಲೇ ಆ ಬದನೆ ಗಿಡ ಇತ್ತು. ಮಾಗಡಿ ಕಡೆಯ ಹಳ್ಳಿಯಲ್ಲಿ ಆಂಟಿಯ ತಾಯಿ ಹಿತ್ತಲಲ್ಲಿ ಬೆಳೆಯುತ್ತಿದ್ದ ತಳಿ ಅದು. ಮೊಟ್ಟೆಯಂತೆ ಬೆಳ್ಳಗೆ, ಗುಂಡಗೆ, ತೊಟ್ಟಿನ ತುಂಬ ಮುಳ್ಳು. ಆಂಟಿ ಪ್ರತಿವರ್ಷ ಅದರ ಬೀಜ ಹಿಡಿದು, ತಮಗೆ ಬೇಕಾದಷ್ಟನ್ನು ಬಿತ್ತಿ, ಮಿಕ್ಕಿದ್ದನ್ನು ಹಂಚಿಬಿಡುತ್ತಿದ್ದರು. ಆ ವರ್ಷ ಇಲಿಗಳು ಸಸಿಗಳನ್ನೆಲ್ಲ ಕತ್ತರಿಸಿ, ಉಳಿದದ್ದು ಒಂದೇ ಗಿಡ. ಅದರ ಬುಡವೂ ಕೊಳೆಯುತ್ತಿತ್ತು. ಅದರಲ್ಲಿದ್ದ ಒಂದೇ ಒಂದು ಕಾಯಿಗೆ ಆಂಟಿ ಕೆಂಪು ಬಟ್ಟೆಯ ಚೂರು ಕಟ್ಟಿದ್ದರು.

ನಾನು ಅದನ್ನು ದೃಷ್ಟಿ ತಾಗದಿರಲು ಕಟ್ಟಿದ್ದು ಎಂದುಕೊಂಡೆ. ಕಾಯಿ ಬಲಿತು ಹಳದಿಯಾಯಿತು. ಆಂಟಿ ಕೀಳಲಿಲ್ಲ. ಪಾಪ, ವಯಸ್ಸಾಯಿತು, ಮರೆತಿದ್ದಾರೆ ಎಂದು ನನ್ನ ಮನಸ್ಸು ಕರಗಿತು. ಭಾನುವಾರ ಮಧ್ಯಾಹ್ನ ಗೆಳೆಯ ಸೀನ ಊಟಕ್ಕೆ ಬಂದಾಗ ಆ ಕೆಂಪು ಬಟ್ಟೆ ಬಿಚ್ಚಿಟ್ಟು ಕಾಯಿ ಕಿತ್ತೆ. ಕತ್ತರಿಸಿದರೆ ಒಳಗೆಲ್ಲ ಬೀಜ. ಚಮಚದಲ್ಲಿ ಅಷ್ಟನ್ನೂ ಕೆರೆದು ಹಸಿ ಕಸದ ಬಕೆಟ್ಟಿಗೆ ಹಾಕಿ ಎಣ್ಣೆಗಾಯಿ ಮಾಡಿದೆ. ಸೀನ ಒಂದು ತುತ್ತು ತಿಂದು ನನ್ನ ಮುಖ ನೋಡಿದ. “ಮಗಾ, ಇದು ಬದನೆಕಾಯಾ, ಇಲ್ಲ ಸೋಫಾನಾ?”

ಸೋಮವಾರ ಬೆಳಿಗ್ಗೆ ಸೀಟಿ ಊದುತ್ತ ಬಂದ ಆಂಟಿ ಅರ್ಧಕ್ಕೇ ನಿಲ್ಲಿಸಿದರು.

“ಕಾಯಿ ಎಲ್ಲೋ?”

“ಹಾಳಾಗ್ತಿತ್ತು ಆಂಟಿ. ವೇಸ್ಟ್ ಆಗಬಾರದು ಅಂತ ನಾನೇ ಎಣ್ಣೆಗಾಯಿ ಮಾಡ್ದೆ” ಎಂದೆ, ಬಹುಮಾನ ವಿತರಣೆಗೆ ಕಾದು ನಿಂತವನ ಹಾಗೆ.

ಆಂಟಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರು. “ಸೀಟಿನ ಮೇಲೆ ಟವೆಲ್ ಹಾಕಿದ್ರೆ ಅಲ್ಲಿ ಯಾರಾದ್ರೂ ಕೂತ್ಕೋತಾರೇನೋ? ಕೆಂಪು ಬಟ್ಟೆ ಕಟ್ಟಿದೀನಿ ಅಂದ್ರೆ ಅದು ತಿನ್ನೋಕಲ್ಲ ಕಣೋ. ಮುಂದಕ್ಕೆ ಹೋಗೋದು ಅದು.” ಆಮೇಲೆ ಮನೆಯ ಗಂಟಲಲ್ಲಿ ಕೇಳಿದರು. “ಬೀಜ?”

ಅಷ್ಟರಲ್ಲಿ ಕೆಳಗೆ ಕಸದ ಗಾಡಿಯ ಹಾಡು ಬೀದಿಯ ತಿರುವು ದಾಟುತ್ತಿತ್ತು. ರಾತ್ರಿಯೇ ನಾನು ಗೇಟಿನ ಬಳಿ ಇಟ್ಟಿದ್ದ ಬಕೆಟ್ಟು ಆಗಲೇ ಖಾಲಿಯಾಗಿತ್ತು.

ಲುಂಗಿಯನ್ನು ಒಂದು ಕೈಯಲ್ಲಿ, ಮಾನವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಓಡಿದೆ. ಮೂರನೇ ಬೀದಿಯಲ್ಲಿ ಗಾಡಿ ಸಿಕ್ಕಿತು. ಕಸ ತುಂಬುತ್ತಿದ್ದ ಅಕ್ಕ ಕೇಳಿದಳು. “ಏನಪ್ಪಾ, ಉಂಗುರ ಏನಾದ್ರೂ ಹಾಕ್ಬಿಟ್ಯಾ?”

“ಇಲ್ಲಕ್ಕ, ಬದನೆಕಾಯಿ ಬೀಜ.”

ಅವಳು ಡ್ರೈವರ್ ಕಡೆ ನೋಡಿದಳು, ಡ್ರೈವರ್ ಆಕಾಶ ನೋಡಿದ. “ಮೊನ್ನೆ ಒಬ್ರು ತಾತ ಹಲ್ಸೆಟ್ ಹುಡುಕ್ಕೊಂಡ್ ಬಂದಿದ್ರು. ಪಾಪ, ಊಟಕ್ಕೆ ಬೇಕಲ್ಲ ಅಂತ ತೆಗೆದುಕೊಟ್ಟೆ. ಬೀಜಕ್ಕೆ ಲುಂಗಿ ಬಿಚ್ಕೊಂಡ್ ಓಡಿಬಂದೋನು ನೀನೇ ಮೊದಲು. ಹುಡುಕ್ಕೋ, ಬೇಗ.”

ಬಾಳೆಸಿಪ್ಪೆ, ಟೀ ಚರಟ, ಯಾರದೋ ಮನೆಯ ಹುಳಿ ಅನ್ನ, ಎಲ್ಲದರಲ್ಲೂ ಮೊಣಕೈವರೆಗೆ ಮುಳುಗಿ ಕೆಲವು ಬೀಜ ಹಿಡಿದು ತಂದೆ. ಆಂಟಿ ಅಂಗೈಯಲ್ಲಿಟ್ಟುಕೊಂಡು ನೋಡಿದರು.

“ಮೆಣಸಿನಕಾಯಿದು ಕಣೋ ಇದು” ಎಂದರು. ಬಿಸಾಡಲಿಲ್ಲ. ಒಂದು ಡಬ್ಬಕ್ಕೆ ಹಾಕಿ ಮಣ್ಣು ಮುಚ್ಚಿದರು.

ಅವರು ಬೈಯಲಿಲ್ಲ. ಮಾರನೇ ದಿನ ಸೀಟಿಯೂ ಊದಲಿಲ್ಲ. ನಾನು ಮಧ್ಯಾಹ್ನದವರೆಗೆ ನಿದ್ದೆ ಹೊಡೆದು ಅಂಗಡಿಯಲ್ಲಿ ಬೈಸಿಕೊಂಡೆ. ಅದರ ಮಾರನೇ ದಿನವೂ ಸೀಟಿ ಇಲ್ಲ. ಮೂರನೆಯ ಬೆಳಿಗ್ಗೆ ಮೌನಕ್ಕೇ ಎಚ್ಚರವಾಯಿತು. ಬಾಗಿಲ ಸಂದಿಯಿಂದ ನೋಡಿದರೆ ಆಂಟಿ ಒಣಗಿದ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು. ಹುರಿಗಡಲೆಗೆ ನೀರು ಹಾಕಿದವನಿಗೆ ಆ ನೀರಿನ ಅರ್ಥ ಚೆನ್ನಾಗಿ ಗೊತ್ತು. ನಗು ಬರಲಿಲ್ಲ.

“ಆಂಟಿ, ಬೀಜ ಯಾರ್ಯಾರಿಗೆ ಕೊಟ್ಟಿದ್ರಿ? ಅವರ ಹತ್ರ ಹೋಗಿ ಕೇಳೋಣ” ಎಂದೆ.

ಅವರು ಕೊಟ್ಟದ್ದು ಪ್ಯಾಸೆಂಜರುಗಳಿಗೆ. ದಿನಾ ಬರುತ್ತಿದ್ದವರ ಹೆಸರು ಗೊತ್ತಿರಲಿಲ್ಲ, ಸ್ಟಾಪು ಗೊತ್ತಿತ್ತು. ಅಲ್ಲಿ ಇಳಿದು, ಚಹರೆ ಹೇಳಿ ಮನೆ ಹುಡುಕಬೇಕು. ಹೀಗೆ ಭಾನುವಾರಗಳಂದು ನಮ್ಮ ಬಸ್ ಪ್ರಯಾಣ ಶುರುವಾಯಿತು. ಮೊದಲ ದಿನವೇ ಬಸ್ಸಿನ ಬಾಗಿಲಲ್ಲಿ ಜನ ಗುಂಪುಗಟ್ಟಿದ್ದನ್ನು ನೋಡಿ ಆಂಟಿಗೆ ತಡೆಯಲಾಗಲಿಲ್ಲ. “ಒಳಗ್ ನಡೀರಿ! ಮಧ್ಯ ಖಾಲಿ ಇದೆ, ಯಾರಿಗೆ ಉಳಿಸಿದೀರಾ?” ಇಡೀ ಬಸ್ಸು ಒಳಗೆ ಸರಿಯಿತು. ನಾನು ಸೀಟಿನಲ್ಲಿ ಕೂತಿದ್ದವನು, ನಾನೂ ಎದ್ದು ಸರಿದೆ. ಹುಡುಗ ಕಂಡಕ್ಟರ್ ಕೈಮುಗಿದ. “ನಾನ್ ಕಿರುಚಿದ್ರೆ ಯಾರೂ ಅಲ್ಲಾಡಲ್ಲ ಆಂಟಿ.”

“ಗಂಟಲಿಂದ ಕಿರುಚ್ತೀಯ, ಅದಕ್ಕೆ. ಹೊಟ್ಟೆಯಿಂದ ಕೂಗಪ್ಪಾ.”

ಹೊಸಹಳ್ಳಿಯ ರಿಟೈರ್ಡ್ ಗುಮಾಸ್ತರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. “ಬಹಳ ಚೆನ್ನಾಗಿ ಬಿಟ್ಟಿತ್ತಮ್ಮ. ಒಂದ್ ಕಾಯಿನೂ ಬಿಡದೆ ತಿಂದ್ವಿ” ಎಂದು ಹೊಟ್ಟೆ ಸವರಿಕೊಂಡರು. ಹೊರಗೆ ಬಂದಮೇಲೆ ಆಂಟಿ ನನಗೆ ಹೇಳಿದ್ದು ಇಷ್ಟೇ. “ನಿಮ್ಮಣ್ಣ ಸಿಕ್ಕಿದ ನೋಡು.” ಆ ಕುಟುಕಿನಿಂದ ನನಗೆ ಜೀವ ಬಂತು. ಆಂಟಿ ಮತ್ತೆ ಬೈಯಲು ಶುರುಮಾಡಿದ್ದರು!

ಕೊನೆಗೆ ಉಲ್ಲಾಳದಲ್ಲಿ ಟೈಲರ್ ಶಾಂತಕ್ಕ ಸಿಕ್ಕಿದರು. ಹಾವೇರಿ ಕಡೆಯವರು. “ಅಯ್ಯ, ಬರ್ರಿ ಅಕ್ಕಾರ! ನಿಮ್ಮ ಸೀಟಿ ಕೇಳಿ ಎಷ್ಟ್ ವರ್ಷ ಆತ್ರಿ!” ಎಂದು ನೇರ ಹಿತ್ತಲಿಗೇ ಕರೆದುಕೊಂಡು ಹೋದರು. ಅಲ್ಲಿ ಬದನೆ ಇತ್ತು. ಬಿಳಿಯ ಮೈ ಮೇಲೆ ನೇರಳೆ ಪಟ್ಟೆ. ಆಂಟಿಯ ಮುಖ ಸಣ್ಣದಾಯಿತು.

“ನಮ್ಮೂರ ಮುಳಗಾಯಿ, ಅಂದ್ರ ನೇರಳಿ ಬದನಿಕಾಯಿ, ಬಾಜೂಕ ಹಚ್ಚಿದ್ದೆ ನೋಡ್ರಿ. ದುಂಬಿ ಅದರ ಮ್ಯಾಲಿಂದ ಇದರ ಮ್ಯಾಲ ಕುಂತು ಹಿಂಗ ಕಲಬೆರಕಿ ಆಗೇತಿ. ನಿಮ್ಮದು ಒಳಗ ಐತ್ರಿ ಅಕ್ಕಾರ, ಹುಡುಕಿ ತೆಗೀಬೇಕಷ್ಟ” ಎಂದು ಒಂದು ಹಣ್ಣುಗಾಯಿ ಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಆಂಟಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದೆ. “ನಿನ್ನ ಕೈಗಾ?” ಎಂದರು.

ಆ ಬೀಜ ಬಿತ್ತಿದೆವು. ಒಂದೇ ತಾಯಿಯ ಮಕ್ಕಳು ಅಷ್ಟು ಬೇರೆ ಬೇರೆಯಾಗಿ ಹುಟ್ಟುವುದನ್ನು ನಮ್ಮ ಮನೆ ಬಿಟ್ಟರೆ ನಾನು ಅಲ್ಲೇ ನೋಡಿದ್ದು. ಒಂದು ನೇರಳೆ, ಒಂದು ಹಸಿರು, ಒಂದು ಪಟ್ಟೆಪಟ್ಟೆ, ಮೂಲೆಯಲ್ಲಿ ಒಂದು ಬಿಳಿ ಆದರೆ ಉದ್ದ. ಆಂಟಿ ಕುರ್ಚಿಯಲ್ಲಿ ಕೂತು ಚೆಕಿಂಗ್ ಇನ್‌ಸ್ಪೆಕ್ಟರ್ ಥರ ಒಂದೊಂದನ್ನೂ ಕಣ್ಣಲ್ಲೇ ಇಳಿಸಿದರು. ನಾನು ನೇರಳೆ ಕಾಯಿಯ ಪರ ವಕೀಲನಾದೆ.

“ಆಂಟಿ, ಇದು ನೋಡಿ ಎಷ್ಟ್ ದಪ್ಪ ಬಂದಿದೆ! ಇದನ್ನೇ ಬೀಜಕ್ಕೆ ಬಿಡೋಣ.”

“ದಪ್ಪ ಬೇಕಾಗಿದ್ರೆ ಕುಂಬಳಕಾಯಿ ಹಾಕ್ತಿದ್ದೆ. ನನಗೆ ನಮ್ಮಮ್ಮ ಬೇಕು” ಎಂದರು. ಹೇಳಿದಮೇಲೆ ನಾಚಿಕೆಯಾಯಿತೇನೋ, ಸೆರಗಿನಿಂದ ಕುರ್ಚಿಯ ಕೈ ಒರೆಸುತ್ತ “ನಮ್ಮಮ್ಮನ್ ಬದನೆಕಾಯಿ ಅಂದೆ” ಎಂದು ಸೇರಿಸಿದರು.

ಬಿಳಿ ಉದ್ದದ್ದಕ್ಕೇ ಕೆಂಪು ಬಟ್ಟೆ ಬಿತ್ತು. ಮುಂದಿನ ಸಲ ಹೂವುಗಳಿಗೆ ದುಂಬಿ ಕೂರದಂತೆ, ಮದುವೆಯಲ್ಲಿ ತಾಂಬೂಲ ಕೊಟ್ಟಿದ್ದ ತೆಳುಬಟ್ಟೆಯ ಚೀಲ ಕಟ್ಟಿದೆವು. ಪಕ್ಕದ ಮನೆಯವರು ಗಿಡಕ್ಕೆ ಮದುವೆಯಾ ಎಂದು ಕೇಳಿದರು. ಎರಡನೇ ಸಲ ಬಿಳಿ ಬಂತು, ಗುಂಡಗೂ ಬಂತು, ತೊಟ್ಟಿನಲ್ಲಿ ಮುಳ್ಳಿಲ್ಲ. ನಾನು ಪಟಾಕಿ ಹಚ್ಚುವ ಉತ್ಸಾಹದಲ್ಲಿದ್ದೆ. ಆಂಟಿ ತೊಟ್ಟು ಸವರಿ ತಲೆಯಾಡಿಸಿದರು. “ನಮ್ಮಮ್ಮನ್ ಬದನೆ ಚುಚ್ಚುತ್ತೆ ಕಣೋ. ಇದು ಬರೀ ಒಳ್ಳೆಯದು. ಮೂಲೆ ಬಕೆಟ್ಟಿನದರಲ್ಲಿ ಒಂದೆರಡು ಮುಳ್ಳಿದೆ, ಅದನ್ನ ಬೀಜಕ್ಕೆ ಬಿಡು.”

ಅಷ್ಟರಲ್ಲಿ ಮಂಡಿ ಪೂರ್ತಿ ಕೈಕೊಟ್ಟಿತು. ಜೊತೆಗೆ ಉಸಿರೂ ಕಟ್ಟತೊಡಗಿತು. ಕೆಂಗೇರಿಯಿಂದ ಮಗಳು ಸವಿತಕ್ಕ ಬಂದು ಕರೆದುಕೊಂಡು ಹೋದರು. ಹೋಗುವ ದಿನ ಆಂಟಿಗೆ ತಾರಸಿ ಹತ್ತಲಾಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ನಿಂತು ಬೀಜದ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ಅದೇ ಕೈಗೆ. ಸೀಟಿ ಮಾತ್ರ ಕೊಡಲಿಲ್ಲ. ಬೆಳಿಗ್ಗೆ ಫೋನಿನಲ್ಲೇ ಊದುತ್ತಿದ್ದರು. ವಿಡಿಯೋ ಕಾಲಿನಲ್ಲಿ ನಾನು ಹಲ್ಲು ಕಿರಿದರೆ “ಗಿಡದ ಕಡೆ ತಿರುಗಿಸೋ, ನಿನ್ ಮುಖ ನೋಡಿ ಏನ್ ಮಾಡ್ಲಿ” ಎನ್ನುತ್ತಿದ್ದರು.

ಮೂರನೇ ಸಲದ ಗಿಡದಲ್ಲಿ ಮೊದಲ ಕಾಯಿ ಕಿತ್ತುಕೊಂಡು ನಾನು ಕೆಂಗೇರಿಗೆ ಹೋದೆ. ಆಂಟಿ ದಿಂಬಿಗೆ ಒರಗಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ಬಸ್ಸಿನ ಗಂಟಲು ಎಲ್ಲೋ ಇಳಿದು ಹೋಗಿ, ಮನೆಯದು ಮಾತ್ರ ಉಳಿದಿತ್ತು. ಕಾಯಿಯನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳಿಂದ ತೊಟ್ಟು ಒತ್ತಿದರು. ಒಂದು ಹನಿ ರಕ್ತ ಬಂತು. ಸವಿತಕ್ಕ ಗಾಬರಿಯಿಂದ ಬಟ್ಟೆ ತಂದರು. ಆಂಟಿ ಬೆರಳು ಒರೆಸಲು ಬಿಡದೆ ಅದನ್ನೇ ನೋಡುತ್ತ ನಗುತ್ತಿದ್ದರು.

“ಚುಚ್ತು” ಎಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, “ರೈಟ್, ರೈಟ್.”

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ.

ಶ್ರದ್ಧಾಂಜಲಿಯ ಫ್ಲೆಕ್ಸ್ ನಾನೇ ಮಾಡಿದೆ. ಊರಿನ ಎಲ್ಲರಿಗೂ ಎರಡು ನಿಮಿಷದಲ್ಲಿ ಮಾಡಿಕೊಡುವ ಕೆಲಸ, ಅವತ್ತು ಇಡೀ ದಿನ ಹಿಡಿಯಿತು. ಎರಡೂ ಮೂಲೆಯಲ್ಲಿ ದೀಪ ಇಡುವುದು ರೂಢಿ. ನಾನು ದೀಪ ತೆಗೆದು ಬಿಳಿ ಬದನೆಕಾಯಿ ಇಟ್ಟೆ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಒಬ್ಬರು ಇದು ಯಾವ ಪಾರ್ಟಿಯ ಗುರುತು ಎಂದೂ ಕೇಳಿದರು. ಉಲ್ಲಾಳದಿಂದ ಬಂದ ಶಾಂತಕ್ಕ ಮಾತ್ರ ಅದರ ಮುಂದೆ ಕೈಮುಗಿದು, ಹೋಗುವಾಗ ನನ್ನಿಂದ ಬೀಜ ಬೇಡಿದರು. ಕಾಯಿ ಬಲಿಯಲಿ, ಕೊಡುತ್ತೇನೆ ಎಂದೆ.

ತಿಥಿಯ ದಿನ ಊಟವಾದ ಮೇಲೆ ಸವಿತಕ್ಕ ನನ್ನನ್ನು ಪಕ್ಕಕ್ಕೆ ಕರೆದರು. “ಅಮ್ಮ ಕೊನೇ ದಿನ ನಿನಗೆ ಒಂದ್ ಮಾತು ಹೇಳು ಅಂದಿದ್ರು ಕಣೋ” ಎಂದರು. ಆಶೀರ್ವಾದ ಇರಬೇಕೆಂದು ನಾನು ಕಣ್ಣು ಒರೆಸಿಕೊಂಡು, ಕೈಕಟ್ಟಿ ನಿಂತೆ.

“ಆ ಫ್ಲೆಕ್ಸುಗೆ ಹೇಳು, ಕಾಯಿಗೆ ಕೆಂಪು ಬಟ್ಟೆ ಕಟ್ಟಿದ್ರೆ ಸಾಲದು, ತನ್ನ ಕೈಗೂ ಒಂದ್ ಕಟ್ಕೊಳ್ಳಲಿ. ಇಲ್ದಿದ್ರೆ ಹಸಿವಾದಾಗ ಮರ್ತು ತಿಂದ್ಬಿಡ್ತಾನೆ ಅಂದ್ರು.”