ಕಾಕಾನ ಪೆರೋಲು, ನನ್ನ ಗುಲಾಬಿ ಪಟ್ಟಿ

ಪಾಸ್‌ಪೋರ್ಟ್ ಅಳತೆಯ ಫೋಟೊ ಹುಡುಕಲೆಂದು ಡ್ರಾಯರ್ ಎಳೆದರೆ, ಸಿಕ್ಕಿದ್ದು ಗುಲಾಬಿ ಬಣ್ಣದ ಒಂದು ಪಟ್ಟಿ. ಮುಟ್ಟಿದರೆ ಅದರ ತುದಿಯ ಅಂಟು ಇನ್ನೂ ಬೆರಳು ಹಿಡಿಯುತ್ತದೆ. ಕೊರೊನಾ ಕಾಲದಲ್ಲಿ ಮಲೇಷ್ಯಾದಲ್ಲಿ ಮನೆ ಬಿಟ್ಟು ಹೊರಡಬಾರದವರ ಮಣಿಕಟ್ಟಿಗೆ ಇದನ್ನು ಕಟ್ಟುತ್ತಿದ್ದರು. ನನ್ನ ತರಗತಿಯ ಮಗುವೊಂದಕ್ಕೆ ಸೋಂಕು ತಗುಲಿದಾಗ ನನಗೂ ಕಟ್ಟಿದರು. ಬಿಚ್ಚಿದ ಮೇಲೆ ಎಸೆಯಲು ಮನಸ್ಸಾಗದ ಕಾರಣ ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ನಾನು ಇಲ್ಲಿ ಮಲೇಷ್ಯಾದ ಮಾಂಟ್ ಕಿಯಾರಾ ಬಡಾವಣೆಯ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಗುರುವೆಂದರೆ ದೇವರು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದು ಸರಿಯೇ, ಆದರೆ ದೇವರು ಹೊರದೇಶದವನಾದರೆ ಮೂತ್ರ ಪರೀಕ್ಷೆ ತಪ್ಪದು. ಕೆಲಸದ ಪಾಸ್, ಅಂದರೆ ಇಲ್ಲಿ ದುಡಿಯುವ ಪರವಾನಗಿ, ನವೀಕರಿಸುವಾಗಲೆಲ್ಲ ರಕ್ತ, ಎದೆಯ ಎಕ್ಸ್‌ರೇ, ಆಮೇಲೆ ಆ ಪುಟ್ಟ ಬಾಟಲಿ. ನಾನು ಮೋಸ ಮಾಡಬಾರದೆಂದು ಬಾಗಿಲಾಚೆ ನರ್ಸಮ್ಮ ಕಾವಲು ನಿಲ್ಲುತ್ತಾಳೆ. ಐವತ್ತು ದಾಟಿದ ಟೀಚರಮ್ಮನ ಕೈಚಳಕದ ಮೇಲೆ ಯಾರಿಗೋ ಇಷ್ಟು ನಂಬಿಕೆ ಇದೆಯಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಕೊರೊನಾ ಬಂದ ಮೇಲೆ ಮೂಗೂ ಸೇರಿಕೊಂಡಿತು. ತರಗತಿಗೆ ಕಾಲಿಡುವ ಮೊದಲು ಹೊರದೇಶದ ಶಿಕ್ಷಕರೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬರಬೇಕೆಂದು ನಮ್ಮ ಶಾಲೆಯವರು ನಿಯಮ ಮಾಡಿದರು. ಸ್ಥಳೀಯರಿಗೆ ಅದು ಬೇಡ. ಪಕ್ಕದ ತರಗತಿಯ ಸ್ಥಳೀಯ ಟೀಚರೂ ನಾನೂ ಮಾಮಾಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಿಂದ ಒಂದೇ ಪೊಟ್ಟಣ ಊಟ ತಪಾವ್, ಅಂದರೆ ಪಾರ್ಸಲ್, ಮಾಡಿಸಿ ಹಂಚಿ ತಿಂದವರು. ವೈರಸ್ ಪಾಸ್‌ಪೋರ್ಟ್ ನೋಡಿ ಹತ್ತುತ್ತದೆಯೇ ಎಂದು ಆಫೀಸಿನ ಶಾಂತಿಯನ್ನು ಕೇಳಿದೆ. ತಮಿಳಮ್ಮ, ಒಳ್ಳೆಯವಳು. "ರೂಲ್ ಲಾ, ಟೀಚರ್," ಎಂದು, ಇಲ್ಲಿನವರು ಮಾತಿನ ಕೊನೆಗೆಲ್ಲ ಅಂಟಿಸುವ 'ಲಾ' ಸೇರಿಸಿ, ಮುಂದಿನ ಪರೀಕ್ಷೆಯ ಚೀಟಿ ಕೈಗಿತ್ತಳು.

ಇನ್ನು ಕಾಕಾನ ವಿಷಯ. ಅವನು ನಮ್ಮಪ್ಪನ ಕೊನೆಯ ತಮ್ಮ. ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಧಾರವಾಡದ ಏರು ಹತ್ತಿಸುತ್ತ ನನಗೆ ಮಗ್ಗಿ ಕಲಿಸಿದವನು. ಮುಂದೆ ಹೊಲದ ಬದುವಿನ ಜಗಳದಲ್ಲಿ ಅವನ ಕೈಯಿಂದ ಒಬ್ಬ ಮನುಷ್ಯ ಸತ್ತ. ಅವನಿಗೆ ಜೀವಾವಧಿಯಾಯಿತು. ಅಂದಿನಿಂದ ಮನೆಯಲ್ಲಿ ಅವನ ಮಾತು ಬಂದರೆ ಎಲ್ಲರಿಗೂ ಒಮ್ಮೆಗೇ ಬೇರೆ ಕೆಲಸ ನೆನಪಾಗುತ್ತದೆ. ಆಮೇಲೆ ನಾನು ಅವನನ್ನು ನೋಡಿದ್ದೆಲ್ಲ ಜೈಲಿನ ಜಾಲರಿಯಾಚೆಯಿಂದಲೇ. ಕೊರೊನಾಕ್ಕೆ ಹೆದರಿ ಜೈಲುಗಳಲ್ಲಿ ಜನ ಕಡಿಮೆ ಮಾಡಿದಾಗ ಅವನಿಗೂ ಪೆರೋಲು ಸಿಕ್ಕಿ, ಧಾರವಾಡದಲ್ಲಿ ನನ್ನ ಅಣ್ಣನ ಮನೆಗೆ ಬಂದ. ಅವನು ಹೊರಗಿರುವಾಗಲೇ ಹೋಗಿ, ಪಕ್ಕದಲ್ಲಿ ಕೂತು ಒಂದು ಹೊತ್ತು ರೊಟ್ಟಿ ತಿನ್ನಬೇಕೆಂದು ನನಗೆ ತುಂಬ ಆಸೆಯಾಯಿತು. ಗಡಿ ಮುಚ್ಚಿದೆ, ಹೋದ ಹೊರದೇಶದವರನ್ನು ಮತ್ತೆ ಒಳಗೆ ಬಿಡುವ ಖಾತ್ರಿ ಇಲ್ಲವೆಂದಳು ಶಾಂತಿ. ನನ್ನ ಸಂಬಳವನ್ನೇ ನಂಬಿದ್ದ ಮಗಳ ಓದು ಇನ್ನೂ ಅರ್ಧಕ್ಕಿತ್ತು, ಹಾಗಾಗಿ ಹೋಗಲಿಲ್ಲ.

ಆಗಲೇ ನನ್ನ ಕೈಗೆ ಪಟ್ಟಿ ಬಿದ್ದದ್ದು. ವಿಡಿಯೊ ಕಾಲಿನಲ್ಲಿ ಕಾಕಾ ಮಾತು ನಿಲ್ಲಿಸಿ ನನ್ನ ಮಣಿಕಟ್ಟನ್ನೇ ನೋಡಿದ. ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ. "ಯವ್ವಾ, ನಿನ್ನೂ ಪೆರೋಲಿನ ಮ್ಯಾಲೆ ಬಿಟ್ಟಾರೇನು? ಯಾವಾಗ ಒಳಗ ಹೋಗಿದ್ದಿ? ಮನ್ಯಾಗ ನನಗ ಯಾರೂ ಹೇಳೇ ಇಲ್ಲಲ್ಲ."

ನಗು ಬಂತು, ಆದರೆ ಅವನ ಮುಖ ನೋಡಿ ನಗಲಾಗಲಿಲ್ಲ. ಅಲ್ಲ ಕಾಕಾ, ನಾನು ಇನ್ನೂ ಟೀಚರೇ, ಎಂದು ನನ್ನ ಷರತ್ತುಗಳನ್ನೆಲ್ಲ ಹೇಳಿದೆ. ಮನೆ ಬಿಡುವಂತಿಲ್ಲ, ದಿನಾ ಮೊಬೈಲಿನಲ್ಲಿ ವರದಿ ಒಪ್ಪಿಸಬೇಕು, ಕರೆದಾಗ ಮೂಗು ಒಡ್ಡಬೇಕು. ಅವನು ಕಿವಿಗೊಟ್ಟು ಕೇಳಿದ. "ನನಗ ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡೋದಷ್ಟ. ಸಾಹೇಬ್ರು ಚಾ ಕೊಡ್ತಾರ," ಎಂದ. ಆಮೇಲೆ ಹಳೆಯ ಕೈದಿ ಹೊಸಬಳಿಗೆ ಹೇಳುವ ಹಾಗೆ ಬುದ್ಧಿ ಹೇಳಿದ. "ಮುಂಜಾನೆ ಲಗೂ ಹೋಗು. ಕಾಗದ ಕೇಳೋದ್ರಾಗ ತಗದು ತೋರ್ಸು. ವಾದಾ ಮಾಡಬ್ಯಾಡ." ಅಂದಿನಿಂದ ಕ್ಲಿನಿಕ್ಕಿಗೆ ನಾನು ಹೋಗುವುದು ಹಾಗೆಯೇ. ಶಾಂತಿಯೊಡನೆ ವಾದವನ್ನೂ ಬಿಟ್ಟೆ.

ವಿಮಾನಗಳು ಸರಿಯಾಗಿ ಹಾರುವ ಮೊದಲೇ ಅವನ ಪೆರೋಲು ಮುಗಿಯಿತು. ಹೋಗುವ ಮುನ್ನ ಫೋನ್ ಮಾಡಿದ. "ಮೂಗಿಂದು ಪರೀಕ್ಷಾ ನಂದೂ ಆತವ್ವಾ. ಪಾಸಾಗೇನಿ, ಒಳಗ ತಗೋತಾರಂತ." ಅದೇ ವಾರ ನಾನೂ ಪಾಸಾಗಿ ತರಗತಿಗೆ ಹೋದೆ. ಕರಿಹಲಗೆಯ ಕಡೆ ತಿರುಗಿ ನಿಂತು, ಮಕ್ಕಳಿಗೆ ಕಾಣದ ಹಾಗೆ ಅತ್ತೆ. ಮಾಸ್ಕಿನಿಂದ ಆದ ಉಪಕಾರ ಅದೊಂದು.

ಫೋಟೊ ಕೊನೆಗೂ ಸಿಕ್ಕಿತು. ಪಾಸ್ ನವೀಕರಣ ಹತ್ತಿರ ಬಂದಿದೆ, ಬಾಟಲಿಯೂ ನರ್ಸಮ್ಮನೂ ಕಾದಿದ್ದಾರೆ. ಈ ನಡುವೆ ಕಾಕಾನಿಗೆ ಮತ್ತೆ ಪೆರೋಲು ಸಿಕ್ಕಿದೆ. ಈ ಸಲ ನಾನು ಯಾರನ್ನೂ ಖಾತ್ರಿ ಕೇಳಲಿಲ್ಲ, ಟಿಕೆಟ್ ತೆಗೆದೆ. ಪರೀಕ್ಷೆಯ ದಿನಕ್ಕೆ ಸರಿಯಾಗಿ ಹಾಜರಾಗುವುದಾದರೆ ಹೋಗಿ ಬಾ ಎಂದು ಶಾಲೆಯವರು ರಜೆ ಕೊಟ್ಟಿದ್ದಾರೆ. ಪಟ್ಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಕಾಕಾನಿಗೆ ಫೋನ್ ಹಚ್ಚಿ, ರೊಟ್ಟಿ ಮಾಡಿಸಿಡು, ಬರುತ್ತಿದ್ದೇನೆ ಎಂದೆ.

"ಎಷ್ಟ ದಿನಾ ಬಿಟ್ಟಾರವ್ವಾ?"

"ಒಂದು ವಾರ, ಕಾಕಾ."



"ನನಗ ಒಂದ ತಿಂಗಳು ಬಿಟ್ಟಾರ," ಎಂದ, ಸಂಕೋಚದಿಂದ. "ನಿಮ್ಮ ಸಾಹೇಬ್ರು ಭಾಳ ಬಿಗಿ ಕಾಣ್ತಾರ."